ವೈದ್ಯಕೀಯ ಓದದವರು ಊರಿನ ಆರೋಗ್ಯಕ್ಕೆ ಏನು ಮಾಡಬಹುದು?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ 30 ವರ್ಷ ಪಾಠ ಹೇಳಿ ನಿವೃತ್ತಳಾದ ಶಿಕ್ಷಕಿ. ವಯಸ್ಸು 61. ಊರಿನ ಆರೋಗ್ಯದ ಕೆಲಸಕ್ಕೆ ಸ್ವಯಂಸೇವಕಿಯಾಗಿ ಬರುತ್ತೇನೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದೆ. ಎರಡು ವರ್ಷದಲ್ಲಿ ನಾಲ್ಕು ಕ್ಯಾಂಪಿಗೆ ಕರೆದರು. ಕುರ್ಚಿ ಹಾಕಿಸಿದೆ, ಚೀಟಿ ಬರೆದೆ, ಫೋಟೋಗೆ ನಿಂತೆ. ನನಗೆ ವೈದ್ಯಕೀಯ ಏನೂ ಗೊತ್ತಿಲ್ಲ, ನಿಜ. ಆದರೆ ನಮ್ಮಂಥವರ ಕೆಲಸ ಇಷ್ಟೇನಾ? ಏನು ಕಲಿಯಬೇಕು, ಎಲ್ಲಿಂದ ಶುರು ಮಾಡಬೇಕು? ಮಗ ಒಂದು ಬಿಪಿ ಮಷಿನ್ ತಂದುಕೊಟ್ಟಿದ್ದಾನೆ. ಅದನ್ನು ಊರಿನವರಿಗೆ ಬಳಸಬಹುದಾ?

ಉತ್ತರ: ಮೇಡಂ, ನಿಮ್ಮ ಪತ್ರದ ಒಂದು ಮಾತನ್ನು ನಾನು ಒಪ್ಪುವುದಿಲ್ಲ. "ಏನೂ ಗೊತ್ತಿಲ್ಲ" ಎಂದಿದ್ದೀರಿ. ಯಾವ ಮನೆಯಲ್ಲಿ ಸೊಸೆ ಬಾಯಿ ಬಿಡುವ ಹಾಗಿಲ್ಲ, ಯಾರು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿ ಯುಗಾದಿಗೆ ವಾಪಸ್ ಬರುತ್ತಾರೆ, ಯಾವ ಅಜ್ಜಿಯ ಮಾತನ್ನು ಇಡೀ ಕೇರಿ ಕೇಳುತ್ತದೆ, ಇದೆಲ್ಲ ನಿಮಗೆ ಗೊತ್ತಲ್ವಾ? ಆಸ್ಪತ್ರೆಯ ಯಾವ ರಿಜಿಸ್ಟರಿನಲ್ಲೂ ಇದು ಇರುವುದಿಲ್ಲ. ಆದರೆ ಇದು ಗೊತ್ತಿಲ್ಲದೆ ಆಸ್ಪತ್ರೆಯ ಅರ್ಧ ಕೆಲಸ ಕೆಡುತ್ತದೆ.

ನಾನು ವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನಲ್ಲಿ ಮಕ್ಕಳು ಲಸಿಕೆಗೆ ಬರುತ್ತಲೇ ಇರಲಿಲ್ಲ. ಅಲ್ಲಿನ ಜನರಿಗೆ ಲಸಿಕೆ ಎಂದರೆ ಹೆದರಿಕೆ, ಅರಿವು ಕಮ್ಮಿ ಎಂದು ನಾವೇ ತೀರ್ಮಾನ ಮಾಡಿಕೊಂಡೆವು. ಪೋಸ್ಟರ್ ಅಂಟಿಸಿದೆವು, ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದೆವು. ಏನೂ ಆಗಲಿಲ್ಲ. ಕೊನೆಗೆ ಹೂ ಮಾರುವ ಒಬ್ಬ ಹೆಂಗಸು ಹೇಳಿದಳು: "ಸಾರ್, ಗುರುವಾರ ಪಕ್ಕದೂರಲ್ಲಿ ಸಂತೆ. ಮಗು ಸಮೇತ ಎಲ್ಲರೂ ಅಲ್ಲೇ ಇರ್ತಾರೆ." ನಮ್ಮ ಲಸಿಕೆ ದಿನವೂ ಗುರುವಾರವೇ. ಆ ಊರಿಗೆ ಮಾತ್ರ ದಿನ ಬದಲಾಯಿಸಿದೆವು. ತಾಯಂದಿರು ಬಂದರು. ಅಷ್ಟು ತಿಂಗಳು ನಾವು ಅವರನ್ನು ದೂರಿದ್ದೆವು. ಆ ಹೆಂಗಸನ್ನು ಮೊದಲೇ ಕೇಳಿದ್ದರೆ ಒಂದು ದಿನದ ಕೆಲಸವಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿಕೊಳ್ಳುತ್ತೇನೆ. ನಿಮ್ಮಲ್ಲಿ ಈಗಾಗಲೇ ಇರುವ ತಿಳಿವಳಿಕೆಗೆ ಇನ್ನೇನು ಸೇರಬೇಕು? ತುಂಬಾ ಏನಿಲ್ಲ. ಕೆಲವೇ ವಿಷಯ, ಆದರೆ ತಪ್ಪಿಲ್ಲದೆ ಗೊತ್ತಿರಬೇಕು.

ಇದು ಆಗುವ ಮಾತೇ ಎಂದು ಅನುಮಾನ ಬೇಡ. ಮಹಾರಾಷ್ಟ್ರದ ಜಾಮಖೇಡಕ್ಕೆ 1970ರಲ್ಲಿ ಡಾ. ರಜನಿಕಾಂತ್ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿ ಹೋದರು. ಬರಗಾಲದ ಸೀಮೆ. ಮೊದಲು ಓದಿದ ನರ್ಸ್‌ಗಳನ್ನು ಹಳ್ಳಿಯಲ್ಲಿ ಇರಿಸಲು ನೋಡಿದರು, ಅದು ಕೈಗೂಡಲಿಲ್ಲ. ಆಮೇಲೆ ಊರಿನವರೇ ಆರಿಸಿದ ಹೆಂಗಸರಿಗೆ ಕಲಿಸಲು ಶುರು ಮಾಡಿದರು. ಅವರಲ್ಲಿ ಬಹಳ ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಎಷ್ಟೋ ಜನ ದಲಿತ ಹೆಂಗಸರು. ಒಮ್ಮೆ ತರಬೇತಿ ಕೊಟ್ಟು ಸುಮ್ಮನೆ ಬಿಡಲಿಲ್ಲ. ಅವರು ಮತ್ತೆ ಮತ್ತೆ ಜಾಮಖೇಡಕ್ಕೆ ಬಂದು, ತಾವು ಊರಲ್ಲಿ ಕಂಡದ್ದನ್ನು ಹೇಳಿ, ಹೊಸದು ಕಲಿತು ಹೋಗುತ್ತಿದ್ದರು. ಬಾಣಂತಿಯ ಆರೈಕೆ, ಮಕ್ಕಳ ತೂಕ, ಕುಷ್ಠ, ಕ್ಷಯ, ಎಲ್ಲ ಅವರ ಕೈಯಲ್ಲೇ ನಡೆಯಿತು.

ಅದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಮಾಡಿದ್ದು ಇನ್ನೂ ಕಷ್ಟದ ಕೆಲಸ. ಹುಟ್ಟಿದ ಮೊದಲ ತಿಂಗಳಲ್ಲಿ ಸಾಯುವ ಕೂಸುಗಳನ್ನು ಉಳಿಸಬೇಕಿತ್ತು. ಆಸ್ಪತ್ರೆ ದೂರ. ಹಳ್ಳಿಯ ಹೆಂಗಸರಿಗೇ ಕೂಸಿನ ಉಸಿರು ಎಣಿಸುವುದು, ತೂಕ ನೋಡುವುದು, ಬೆಚ್ಚಗಿಡುವುದು, ಸೋಂಕು ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದರು. ಈ ಕೆಲಸ ನಡೆದ 39 ಹಳ್ಳಿಗಳಲ್ಲಿ, ನಡೆಯದ ಹಳ್ಳಿಗಳಿಗೆ ಹೋಲಿಸಿದರೆ, ನವಜಾತ ಶಿಶುಗಳ ಸಾವು 62% ಇಳಿಯಿತು. 1999ರಲ್ಲಿ ಈ ಫಲಿತಾಂಶ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇವತ್ತು ನಿಮ್ಮೂರಿನ ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರಲ್ಲ, ಆ ಪದ್ಧತಿಯ ಬೇರು ಅಲ್ಲಿದೆ.

ಇದೇ ಕೆಲಸ ಕೆಟ್ಟದ್ದೂ ಉಂಟು. ಸರ್ಕಾರ 1977ರ ಅಕ್ಟೋಬರ್ 2ರಂದು ಹಳ್ಳಿಗೊಬ್ಬ ಆರೋಗ್ಯ ಕಾರ್ಯಕರ್ತ ಎಂಬ ಯೋಜನೆ ತಂದಿತು. ಮೂರು ತಿಂಗಳ ತರಬೇತಿ, ತಿಂಗಳಿಗೆ 50 ರೂಪಾಯಿ, ಒಂದು ಔಷಧಿ ಪೆಟ್ಟಿಗೆ. ಆಯ್ಕೆಯಾದವರಲ್ಲಿ ಹೆಚ್ಚಿನವರು ಗಂಡಸರು. ಎಷ್ಟೋ ಕಡೆ ಊರಿನ ದೊಡ್ಡವರು ಹೇಳಿದವರೇ ಆಯ್ಕೆಯಾದರು. ಅವರು ಬಾಣಂತಿಯ ಕೋಣೆಗೆ ಹೋಗುವುದು ಹೇಗೆ? ಎಷ್ಟೋ ಜನರಿಗೆ ಮಾತ್ರೆ ಹಂಚುವುದರಲ್ಲೇ ಆಸೆ ಹುಟ್ಟಿ, ಅರ್ಧ ಡಾಕ್ಟರ್ ಆಗಿಬಿಟ್ಟರು. ಮೇಲ್ವಿಚಾರಣೆ ಇರಲಿಲ್ಲ. ಯೋಜನೆಯ ಹೆಸರು ಬದಲಾಯಿತು, ಆಮೇಲೆ ಅದು ಸೊರಗಿತು. ಸ್ವಯಂಸೇವಕರು ಸೂಜಿ, ಸಿರಪ್ಪು, ಆ್ಯಂಟಿಬಯಾಟಿಕ್ ಕಡೆ ಕೈ ಚಾಚಬಾರದು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಗಡಚಿರೋಲಿಯ ಹೆಂಗಸರು ಔಷಧಿ ಕೊಟ್ಟರು, ನಿಜ. ಅವರ ಹಿಂದೆ ದೀರ್ಘ ತರಬೇತಿ ಇತ್ತು. ಅವರು ಬರೆದದ್ದನ್ನು ಮತ್ತೆ ಮತ್ತೆ ಬಂದು ನೋಡುವ ವೈದ್ಯರಿದ್ದರು. ನಿಮ್ಮ ಹಿಂದೆ ಅದಿಲ್ಲ.

ಈಗ ಕಲಿಯಬೇಕಾದದ್ದಕ್ಕೆ ಬರುತ್ತೇನೆ. ಇಡೀ ಪುಸ್ತಕ ಬೇಡ. ಸಾವು ಬಾಗಿಲಿಗೆ ಬಂದಾಗ ಗುರುತಿಸುವುದು ಮೊದಲು.

ಹಸುಗೂಸಿನಿಂದ ಶುರು ಮಾಡಿ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಮೊಲೆ ಚೀಪುವುದು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಹೊಕ್ಕುಳಿನಲ್ಲಿ ಕೀವು ಕಂಡರೆ, ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಎಳೆದರೆ, ಅಂಗೈ ಅಂಗಾಲು ಹಳದಿಯಾದರೆ, ಕಾಯುವ ಹಾಗಿಲ್ಲ. ಉಸಿರು ಎಣಿಸುವುದನ್ನು ಆಶಾ ಅವರಿಂದ ಕೈಯಾರೆ ಕಲಿಯಿರಿ. ಕೂಸು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಮೇಲೆ ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಆಸ್ಪತ್ರೆ. ಹೋಗುವಾಗ ಕೂಸನ್ನು ತಾಯಿಯ ಎದೆಗೆ ಚರ್ಮ ತಾಗುವ ಹಾಗೆ ಇಟ್ಟು, ಮೇಲೆ ಹೊದಿಸಿ ಕರೆದೊಯ್ಯಬೇಕು. ದಾರಿಯಲ್ಲಿ ತಣ್ಣಗಾಗಿ ಹೋಗುವ ಕೂಸುಗಳೇ ಎಷ್ಟೋ. 108ಕ್ಕೆ ಫೋನ್ ಮಾಡುವುದು ಎಲ್ಲರಿಗೂ ಗೊತ್ತು. ಆದರೆ ಗಾಡಿ ಬರುವ ತನಕ ಏನು ಮಾಡಬೇಕು ಎಂಬುದು ಗೊತ್ತಿರುವವರು ಕಮ್ಮಿ.

ಭೇದಿಯ ವಿಷಯದಲ್ಲಿ ನಮ್ಮ ಊರುಗಳಲ್ಲಿ ಒಂದು ತಪ್ಪು ಇನ್ನೂ ಹೋಗಿಲ್ಲ. ಒಆರ್‌ಎಸ್ ಪೊಟ್ಟಣವನ್ನು ಒಂದು ಲೋಟಕ್ಕೆ ಸ್ವಲ್ಪ, ಇನ್ನೊಂದು ಲೋಟಕ್ಕೆ ಸ್ವಲ್ಪ ಎಂದು ಅಂದಾಜಿಗೆ ಹಾಕುತ್ತಾರೆ. ದೊಡ್ಡ ಪೊಟ್ಟಣ ಇಡಿಯಾಗಿ ಒಂದು ಲೀಟರ್ ಕುಡಿಯುವ ನೀರಿಗೆ. 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಬೇಕು. ಮಕ್ಕಳಿಗಾದರೆ ಜೊತೆಗೆ ಸತುವಿನ (ಝಿಂಕ್) ಮಾತ್ರೆ 14 ದಿನ. ಭೇದಿ ಎರಡು ದಿನಕ್ಕೆ ನಿಂತರೂ ಮಾತ್ರೆ ಪೂರ್ತಿ ಮಾಡಬೇಕು. ಇಲ್ಲೇ ಜನ ನಿಲ್ಲಿಸಿಬಿಡುವುದು. ಅದನ್ನು ನೆನಪಿಸಲು ಮೇಷ್ಟ್ರ ದನಿ ಒಳ್ಳೆಯದು.

ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ. ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ ಎರಡು ವಾರವೂ ಕಾಯಬೇಡಿ. ಪರೀಕ್ಷೆ, ಔಷಧಿ ಎರಡೂ ಪುಕ್ಕಟೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಎರಡು ತಿಂಗಳಿಗೆ ರೋಗಿಗೆ ಆರಾಮ ಎನಿಸುತ್ತದೆ, ಬಿಟ್ಟುಬಿಡುತ್ತಾರೆ. ಬೇಗ ಬಿಟ್ಟವರಲ್ಲಿ ರೋಗ ಔಷಧಿಗೆ ಬಗ್ಗದೆ ಮರಳಬಹುದು. ಯಾಕೆ ಬಿಟ್ಟರು ಎಂದು ಕೇಳುವವರು ಬೇಕು. ಒಮ್ಮೊಮ್ಮೆ ಕಾರಣ ಹೊಟ್ಟೆ ಉರಿ. ಒಮ್ಮೊಮ್ಮೆ ಕುಡಿತ. ಒಮ್ಮೊಮ್ಮೆ, ಮಗಳ ಮದುವೆಯ ಮಾತುಕತೆ ನಡೆಯುತ್ತಿರುತ್ತದೆ, ಮನೆಯಲ್ಲಿ ಮಾತ್ರೆ ಕಾಣಿಸುವ ಹಾಗಿಲ್ಲ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಬ್ಯಾಂಕ್ ಖಾತೆ ಸರಿ ಇಲ್ಲದೆ ಹಣ ನಿಂತುಹೋಗಿರುವುದು ಸಾಮಾನ್ಯ. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಜೊತೆಗೆ ಹೋಗುವುದೂ ಆರೋಗ್ಯ ಸೇವೆಯೇ.

ಹಾವು ಕಡಿತದಲ್ಲಿ ನಿಮ್ಮ ಕೆಲಸ ಹೆಚ್ಚಾಗಿ ಬೇಡದ್ದನ್ನು ತಡೆಯುವುದು. ಕೊಯ್ಯುವುದು ಬೇಡ, ಹೀರುವುದು ಬೇಡ, ಬಿಗಿಯಾಗಿ ಕಟ್ಟುವುದು ಬೇಡ, ಹಾವನ್ನು ಹುಡುಕಿ ಹೊಡೆಯುತ್ತಾ ಹೊತ್ತು ಕಳೆಯುವುದು ಬೇಡ. ಉಂಗುರ, ಬಳೆ, ಕಾಲುಂಗುರ ತೆಗೆಸಿ. ಕಡಿದ ಕೈ ಕಾಲು ಅಲುಗದ ಹಾಗೆ ಇರಿಸಿ. ನಡೆಸಬೇಡಿ. ವಿಷದ ಮದ್ದು ಇರುವ ಆಸ್ಪತ್ರೆ ಯಾವುದು ಎಂದು ಮಳೆಗಾಲಕ್ಕೆ ಮೊದಲೇ ಕೇಳಿ ತಿಳಿದಿರಿ, ರಾತ್ರಿ ಹತ್ತಕ್ಕೆ ಹುಡುಕುವ ಹಾಗಾಗಬಾರದು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಮಂತ್ರ ಹಾಕುವವರ ಬಳಿ ಹೋಗಿ ಸತ್ತವರು ಈ ಲೆಕ್ಕಕ್ಕೂ ಬರುವುದಿಲ್ಲ. ಆ ಮಂತ್ರ ಹಾಕುವವರ ಜೊತೆ ಜಗಳ ಬೇಡ. "ನೀನೂ ಗಾಡಿ ಹತ್ತು, ದಾರಿಯಲ್ಲೇ ಮಂತ್ರ ಹಾಕು" ಎಂದು ಜೊತೆಗೆ ಕರೆದುಕೊಂಡು ಬಂದ ಸ್ವಯಂಸೇವಕರನ್ನು ನಾನು ನೋಡಿದ್ದೇನೆ. ಅಂಥ ಬುದ್ಧಿ ನಮ್ಮ ತರಬೇತಿಯಲ್ಲಿ ಸಿಗುವುದಿಲ್ಲ.

ಇಷ್ಟು ಸಾಕು, ಮೊದಲ ವರ್ಷಕ್ಕೆ. ಆದರೆ ಇದಕ್ಕಿಂತ ಮುಂಚೆ ಕಲಿಯಬೇಕಾದದ್ದು ಇನ್ನೊಂದಿದೆ. ಬಾಯಿ ಮುಚ್ಚಿಕೊಂಡಿರುವುದು. ನಿಮಗೆ ಊರೇ ಗೊತ್ತು, ಊರಿಗೂ ನೀವು ಗೊತ್ತು. ಅದೇ ನಿಮ್ಮ ಬಲ, ಅದೇ ಅಪಾಯ. ಯಾರಿಗೆ ಕ್ಷಯ, ಯಾವ ಹುಡುಗಿ ಗರ್ಭ ತೆಗೆಸಿಕೊಂಡಳು, ಯಾರು ಮನಸ್ಸಿನ ಕಾಯಿಲೆಗೆ ಮಾತ್ರೆ ತಗೋತಾರೆ, ಒಂದು ಮಾತು ಜಗುಲಿಯ ಮೇಲೆ ಜಾರಿದರೆ ಆ ಮನೆಯ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ. ಪಕ್ಕದ ಹತ್ತು ಮನೆಯ ಬಾಗಿಲೂ ತೆರೆಯುವುದಿಲ್ಲ. ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೇಳುವುದನ್ನು 2017ರ ಕಾನೂನು ನಿಷೇಧಿಸಿದೆ. ಉಳಿದ ಕಾಯಿಲೆಗಳಿಗೂ ಅದೇ ನಿಯಮ ಎಂದು ನೀವೇ ಮಾಡಿಕೊಳ್ಳಿ. ಗಂಡನಿಗೂ ಹೇಳಬೇಡಿ, ಮಗನಿಗೂ ಹೇಳಬೇಡಿ.

ಕುರ್ಚಿ ಹಾಕಿಸಿದ ನೋವು ನನಗೆ ಅರ್ಥವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನದಲ್ಲಿ ಹೊರಟ 1978ರ ಆಲ್ಮಾ ಆಟಾ ಘೋಷಣೆಯಲ್ಲೇ ಇದೆ, ತಮ್ಮ ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲೂ ನಡೆಸುವುದರಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕು, ಕರ್ತವ್ಯ ಕೂಡ. ಯೋಜಿಸುವುದರಲ್ಲೂ ಎಂಬುದನ್ನು ನಾವು ಮರೆತೆವು. ಕ್ಯಾಂಪ್ ಯಾವ ದಿನ, ಯಾವ ಕೇರಿಯಲ್ಲಿ, ಯಾರಿಗಾಗಿ ಎಂದು ಕೇಳದೆ ಕುರ್ಚಿಗೆ ಮಾತ್ರ ಕರೆದರೆ ಅದು ಪುಕ್ಕಟೆ ಕೂಲಿ. ಹೀಗೆ ನಡೆಸಿಕೊಂಡದ್ದಕ್ಕೆ ವೈದ್ಯರಾದ ನಾವು ಕ್ಷಮೆ ಕೇಳಬೇಕು.

ಕೂರಲು ನಿಮಗೊಂದು ಜಾಗ ಸರ್ಕಾರದ ನಿಯಮದಲ್ಲೇ ಇದೆ. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಕನಿಷ್ಠ 15 ಜನ, ಅರ್ಧಕ್ಕೆ ಕಮ್ಮಿ ಇಲ್ಲದಂತೆ ಹೆಂಗಸರು. ಪಂಚಾಯಿತಿ ಸದಸ್ಯರೊಬ್ಬರು ಅಧ್ಯಕ್ಷರು, ಆಶಾ ಕಾರ್ಯದರ್ಶಿ. ವರ್ಷಕ್ಕೆ 10,000 ರೂಪಾಯಿ ಊರಿನ ತುರ್ತಿಗೆ ಖರ್ಚು ಮಾಡಲು ಬರುತ್ತದೆ. ಎಷ್ಟೋ ಊರಲ್ಲಿ ಈ ಸಮಿತಿ ಸಹಿಯಲ್ಲಿ ಮಾತ್ರ ಬದುಕಿದೆ. ಪಂಚಾಯಿತಿ ಕಚೇರಿಗೆ ಹೋಗಿ, ಸದಸ್ಯರ ಪಟ್ಟಿ ಕೊಡಿ ಎಂದು ಕೇಳಿ. ನಿಮ್ಮನ್ನು ಸೇರಿಸಿಕೊಳ್ಳಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ಬರೆದುಕೊಂಡು ಹೋಗಿ, ನಡಾವಳಿಯಲ್ಲಿ ದಾಖಲು ಮಾಡಿಸಿ. 2007ರಿಂದ 2009ರ ನಡುವೆ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಜನರೇ ಆರೋಗ್ಯ ಸೇವೆಗೆ ಅಂಕ ಕೊಟ್ಟ ಪ್ರಯೋಗ ನಡೆದಿತ್ತು. ಚೆನ್ನಾಗಿದ್ದರೆ ಹಸಿರು, ಪರವಾಗಿಲ್ಲ ಎಂದರೆ ಹಳದಿ, ಕೆಟ್ಟಿದ್ದರೆ ಕೆಂಪು. ಆ ರಿಪೋರ್ಟ್ ಕಾರ್ಡ್ ಹಿಡಿದು ಎಲ್ಲರ ಎದುರು ಅಧಿಕಾರಿಗಳ ಜೊತೆ ಮಾತಾಡಿದರು. ಮಕ್ಕಳಿಗೆ 30 ವರ್ಷ ರಿಪೋರ್ಟ್ ಕಾರ್ಡ್ ಬರೆದವರಿಗೆ ಇದು ಹೊಸದೇನಲ್ಲ, ಅಲ್ವಾ?

ಆಶಾ ಅವರ ಜೊತೆ ಹೇಗಿರಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ಕಾಗದದ ಮೇಲೆ ಅವರೂ ಸ್ವಯಂಸೇವಕಿಯರೇ. ಕೆಲಸ ಮಾತ್ರ ಹಗಲು ರಾತ್ರಿ. 2025ರ ಜನವರಿಯ ಚಳಿಯಲ್ಲಿ ಗೌರವಧನ ಜಾಸ್ತಿ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಜನ ಕೂತಿದ್ದರು. ನೀವು ಪಿಂಚಣಿ ಇರುವವರು, ಪುಕ್ಕಟೆ ಕೆಲಸ ಮಾಡಬಲ್ಲಿರಿ. ಅವರಿಗೆ ಅದು ಮನೆಯ ಅನ್ನ. ಅವರು ಮಾಡಬೇಕಾದ ಭೇಟಿಯನ್ನು ನೀವು ಮಾಡಿ, ಅವರ ಪ್ರೋತ್ಸಾಹಧನ ತಪ್ಪುವ ಹಾಗೆ ಆಗಬಾರದು. "ನನಗಿಂತ ನಿನಗೆ ಜಾಸ್ತಿ ಗೊತ್ತು, ನನಗೆ ಕಲಿಸು" ಎಂದು ಹೋಗಿ. ಮೇಡಂ ತಮ್ಮ ಬಳಿ ಕಲಿಯಲು ಬಂದರು ಎಂಬುದೇ ಅವರಿಗೆ ದೊಡ್ಡ ಮಾತು. ಆಮೇಲೆ ನೋಡಿ, ಯಾವ ಮನೆಯಲ್ಲಿ ಅತ್ತೆ ಬಾಗಿಲಲ್ಲೇ ತಡೆಯುತ್ತಾಳೆ ಎಂದು ಅವರೇ ಹೇಳುತ್ತಾರೆ. ಆ ಅತ್ತೆ ನಿಮ್ಮ ಹಳೇ ವಿದ್ಯಾರ್ಥಿನಿ ಆಗಿರಬಹುದು. ಬಾಣಂತಿಗೆ ನೀರು ಕೊಡಬಾರದು ಎಂಬ ಹಟವನ್ನು ನೀವು ಹೋಗಿ ಕೂತು ಬಿಡಿಸಬಹುದು.

ನಿಮ್ಮ ವಯಸ್ಸಿಗೆ, ಸ್ವಭಾವಕ್ಕೆ ತುಂಬಾ ಒಪ್ಪುವ ಕೆಲಸ ಒಂದಿದೆ. ಹಾಸಿಗೆ ಹಿಡಿದವರ ಆರೈಕೆ. ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು, ಗೆಳೆಯರು ಸೇರಿ ನೋವು ಉಪಶಮನದ ಸಂಸ್ಥೆ ಕಟ್ಟಿದರು. ಆಮೇಲೆ ಅದು ಊರೂರಿಗೆ ಹಬ್ಬಿತು, ಮಲಪ್ಪುರಂನಲ್ಲಂತೂ ಬಹಳ. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರಾದರೂ ಬನ್ನಿ ಎಂದರು. ಅಂಗಡಿಯವರು, ಮೇಷ್ಟ್ರು, ಕೂಲಿ ಮಾಡುವವರು ಬಂದರು. 16 ಗಂಟೆ ಪಾಠ, ನಾಲ್ಕು ದಿನ ರೋಗಿಗಳ ಮನೆಯಲ್ಲಿ ಕಲಿಕೆ. ಹತ್ತು ಹದಿನೈದು ಜನ ಸೇರಿ ತಮ್ಮ ಊರಿನಲ್ಲಿ ಹಾಸಿಗೆ ಹಿಡಿದವರನ್ನು ಹುಡುಕಿದರು. ಔಷಧಿ ವೈದ್ಯರದ್ದು, ನರ್ಸಿನದು. ಉಳಿದದ್ದು ಇವರದ್ದು. ಮೈ ಒರೆಸುವುದು, ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದನ್ನು ಮನೆಯವರಿಗೆ ತೋರಿಸುವುದು, ರೇಷನ್ ಇಲ್ಲದಿದ್ದರೆ ಕೊಡಿಸುವುದು, ಮಕ್ಕಳ ಫೀಸು ಹೊಂದಿಸುವುದು, ಸುಮ್ನೆ ಪಕ್ಕದಲ್ಲಿ ಕೂರುವುದು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ನೀತಿಯಾಗಿ ತಂದಿತು. ನಿಮ್ಮ ಊರಿನಲ್ಲಿ ಲಕ್ವ ಹೊಡೆದು ಮಲಗಿದವರು ಇಬ್ಬರು ಮೂವರಾದರೂ ಇರುತ್ತಾರೆ. ವರ್ಷಗಟ್ಟಲೆ ಯಾರೂ ಅವರ ಬಾಗಿಲಿಗೆ ಹೋಗಿರುವುದಿಲ್ಲ. ಅವರನ್ನು ನೋಡಿಕೊಳ್ಳುವ ಹೆಂಡತಿಗೆ, ಸೊಸೆಗೆ ಬೆನ್ನುನೋವು, ನಿದ್ದೆ ಇಲ್ಲ. ನೀವು ಒಂದು ಸಂಜೆ ಹೋಗಿ ಕೂತರೆ ಆಕೆ ಸ್ನಾನ ಮಾಡಿ ಬರುತ್ತಾಳೆ. ಮೊದಲ ವಾರವೇ ಮಾಡಬಹುದಾದ ಕೆಲಸ ಇದು.

ಕೊನೆಯದಾಗಿ ಬಿಪಿ ಮಷಿನ್. ಬಳಸಿ, ಖಂಡಿತ ಬಳಸಿ. ಆದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ, ಅಲ್ಲಿನ ಮಷಿನ್ ಜೊತೆ ಹೋಲಿಸಿ ನೋಡಿ. ಪಟ್ಟಿ ತೋಳಿಗೆ ಕಟ್ಟುವಂಥದ್ದು ಇರಲಿ, ಮಣಿಕಟ್ಟಿನದ್ದು ಬೇಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತದೆ. ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಒರಗು ಬೇಕು, ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕಿರಲಿ. ಹಿಂದಿನ ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿದ್ದರೆ ಆಮೇಲೆ ಬರಲು ಹೇಳಿ. ನೋಡುವಾಗ ಇಬ್ಬರೂ ಮಾತಾಡಬಾರದು. ಎರಡು ಸಲ ನೋಡಿ, ಎರಡನ್ನೂ ದಿನಾಂಕದ ಜೊತೆ ಒಂದು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ.

140/90 ದಾಟಿದ್ದರೆ "ನಿಮಗೆ ಬಿಪಿ ಇದೆ" ಎಂದು ಹೇಳಬೇಡಿ. ಒಂದು ದಿನದ ಅಂಕಿ ಕಾಯಿಲೆಯಲ್ಲ. ಇನ್ನೊಂದು ದಿನ ನೋಡೋಣ, ಉಪಕೇಂದ್ರದಲ್ಲೂ ತೋರಿಸಿ ಎನ್ನಿ. ಈಗಾಗಲೇ ಮಾತ್ರೆ ತಗೋತಿರುವವರಿಗೆ ಅಂಕಿ ಸರಿ ಬಂದರೆ ಅವರು ಮಾತ್ರೆ ಬಿಡಲು ನೋಡುತ್ತಾರೆ. ಮಾತ್ರೆಯಿಂದಲೇ ಸರಿ ಇದೆ, ಬಿಡಬೇಡಿ ಎಂದು ಎರಡು ಸಲ ಹೇಳಿ. ಡೋಸು ಕಮ್ಮಿ ಜಾಸ್ತಿ ಮಾಡುವ ಮಾತು ನಿಮ್ಮ ಬಾಯಿಂದ ಬರಬಾರದು. ಎರಡನೇ ಸಲವೂ ಮೇಲಿನ ಅಂಕಿ 180 ಅಥವಾ ಕೆಳಗಿನದು 110 ಮುಟ್ಟಿದರೆ ಅದೇ ದಿನ ವೈದ್ಯರ ಬಳಿ ಕಳಿಸಿ. ಅಂಕಿ ಎಷ್ಟೇ ಇರಲಿ, ಎದೆನೋವು, ಏದುಸಿರು, ಬಾಯಿ ಸೊಟ್ಟ, ಮಾತು ತೊದಲುವುದು, ಒಂದು ಕಡೆಯ ಕೈ ಕಾಲು ಸೋಲುವುದು ಕಂಡರೆ ಮಷಿನ್ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ. ತೊಂದರೆ ಎಷ್ಟು ಗಂಟೆಗೆ ಶುರುವಾಯಿತು ಎಂದು ಬರೆದು ಜೊತೆಗೆ ಕಳಿಸಿ. ಲಕ್ವದಲ್ಲಿ ರಕ್ತದ ಹೆಪ್ಪು ಕರಗಿಸಲು ಕೊಡುವ ಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೇ ಬೀಳಬೇಕು, ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದೇ ಆ ಗಂಟೆಯನ್ನು.